ಪುಕ್ಕಟೆ ಕರೆಂಟು: ಹೊಗೆ ಎಲ್ಲಿ, ಬಿಲ್ ಯಾರಿಗೆ?

ಕಂಪ್ಲಿಯ ಹೊಳೆದಂಡೆಯಲ್ಲಿ ಮೋಟರ್ ಓಡುವಾಗ ಹೊಗೆ ಬರುವುದಿಲ್ಲ. ಹತ್ತಿರದಲ್ಲೇ ತುಂಗಭದ್ರಾ ಅಣೆಕಟ್ಟು ಇದೆ. ನೀರಿನಿಂದ ಹುಟ್ಟುವ ಕರೆಂಟನ್ನು ಪುಕ್ಕಟೆ ಕೊಟ್ಟರೆ ಮಾಲಿನ್ಯವೆಲ್ಲಿ ಎನ್ನುವವರಿದ್ದಾರೆ.

ಲೆಕ್ಕ ನೋಡಿ. ಅಣೆಕಟ್ಟಿನ ಮತ್ತು ಹಂಪಿಯ ವಿದ್ಯುದಾಗಾರಗಳೆರಡೂ ಸೇರಿ 72 ಮೆಗಾವಾಟ್. ಅದರಲ್ಲೂ ಕರ್ನಾಟಕಕ್ಕೆ ಸಿಗುವುದು ಐದರಲ್ಲೊಂದು ಪಾಲು. ಕುಡತಿನಿಯ ಶಾಖೋತ್ಪನ್ನ ಸ್ಥಾವರದ್ದು 1,700 ಮೆಗಾವಾಟ್, ಅಲ್ಲಿ ಉರಿಯುವುದು ಕಲ್ಲಿದ್ದಲು. ಎಲ್ಲವೂ ಒಂದೇ ಗ್ರಿಡ್‌ಗೆ ಸೇರುತ್ತವೆ. ಸೌರ ವಿದ್ಯುತ್ತು ನಮ್ಮಲ್ಲಿ ಸಾಕಷ್ಟಿದೆ, ನಿಜ. ಆದರೆ ರಾತ್ರಿ ತ್ರೀ ಫೇಸ್ ಬಂದೊಡನೆ ತಾನೇ ಚಾಲೂ ಆಗಲೆಂದು ಆಟೋ ಸ್ಟಾರ್ಟರ್ ಹಾಕಿಟ್ಟ ಮೋಟರಿಗೆ ಅದು ಒದಗುವುದಿಲ್ಲ. ಬಿಲ್ಲೇ ಇಲ್ಲದಿದ್ದರೆ ಮಡಿ ತುಂಬಿ ಹರಿದರೂ ಎದ್ದುಹೋಗಿ ಸ್ವಿಚ್ ಆರಿಸುವವರು ಯಾರು?

ಮಾಲಿನ್ಯವಿಲ್ಲ ಎಂಬುದಕ್ಕಿಂತ ಗಟ್ಟಿಯಾದ ನಂಬಿಕೆ, ಸಬ್ಸಿಡಿಯ ಹಣವೆಲ್ಲ ಸರ್ಕಾರದ ಬೊಕ್ಕಸದ್ದು ಎಂಬುದು. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ, 2023ರಿಂದ ಗೃಹಜ್ಯೋತಿಯಡಿ ಮನೆಗಳಿಗೆ ಕೊಡುವ ಉಚಿತ ವಿದ್ಯುತ್ತಿಗೆ ಸರ್ಕಾರ ಇಲ್ಲಿನ ವಿದ್ಯುತ್ ವಿತರಣಾ ಕಂಪನಿ ಜೆಸ್ಕಾಂಗೆ ಹಣ ತುಂಬುವುದು ಹೌದು. ಆದರೆ ಕಾರ್ಖಾನೆ, ಅಂಗಡಿಗಳ ದರವನ್ನು ಪೂರೈಕೆಯ ವೆಚ್ಚಕ್ಕಿಂತ ಮೇಲಿಟ್ಟು, ಕೊರತೆಯ ಒಂದು ಭಾಗವನ್ನು ಅವರಿಂದಲೂ ವಸೂಲು ಮಾಡುತ್ತ ಬಂದಿದ್ದಾರೆ. ಇದೇ ಅಡ್ಡ ಸಬ್ಸಿಡಿ.

ಉದ್ಯಮದ ಸ್ವರೂಪ ಬದಲಾಗುವುದು ಇಲ್ಲಿಂದ. 2003ರ ವಿದ್ಯುತ್ ಕಾಯ್ದೆ ಸ್ವಂತ ಬಳಕೆಯ ಸ್ಥಾವರಕ್ಕೆ ಲೈಸೆನ್ಸ್ ಬೇಡವೆಂದಿತು, ಅಡ್ಡ ಸಬ್ಸಿಡಿ ಸರ್ಚಾರ್ಜ್‌ನಿಂದಲೂ ಬಿಡುಗಡೆ ಕೊಟ್ಟಿತು. ಬಂಡವಾಳವಿದ್ದವರು ಸ್ವಂತ ಸ್ಥಾವರ ಕಟ್ಟಿಕೊಂಡರು. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ತನ್ನ ಕುಲುಮೆಯ ಅನಿಲದಿಂದಲೇ ಕರೆಂಟು ತೆಗೆಯುತ್ತದೆ. ಅನಿಲ ಕೈಯಲ್ಲಿರುವಾಗ ಅದು ಹೇಗೂ ಜಾಣತನವೇ. ಕಂಪ್ಲಿಯ ಅಕ್ಕಿ ಗಿರಣಿಗೆ, ಹೊಸಪೇಟೆಯ ವೆಲ್ಡಿಂಗ್ ಶಾಪಿಗೆ ಆ ದಾರಿಯಿಲ್ಲ. ದೊಡ್ಡವರು ಹೊರಬಿದ್ದಷ್ಟೂ ಹೊರೆ ಉಳಿದ ಸಣ್ಣವರ ಮೇಲೆ. ನನ್ನ ಪ್ರಕಾರ ಪುಕ್ಕಟೆ ಕರೆಂಟಿನ ದೊಡ್ಡ ಅನ್ಯಾಯ ಇದೇ, ಇದರ ಚರ್ಚೆಯೇ ಕಡಿಮೆ.

ಹಾಗೆಂದು ಸಬ್ಸಿಡಿ ಕಿತ್ತೊಗೆದರೆ ಗಾಳಿ ಶುದ್ಧವಾಗುತ್ತದೆಯೆ? ಇಲ್ಲ. ಸಂಡೂರಿನ ಕೆಂಧೂಳು ಅದಿರಿನ ಗಣಿ, ಲಾರಿಗಳದ್ದು. ಪಂಪ್‌ಸೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಕರೆಂಟು ಕೈಗೆಟುಕದ ರೈತ ಡೀಸೆಲ್ ಎಂಜಿನ್ ಹೂಡಿದರೆ ಹೊಗೆ ಗದ್ದೆಗೇ ಬರುತ್ತದೆ.

ರೈತನಿಗೆ ನೆರವು ಇರಲಿ. ಪಂಪ್‌ಸೆಟ್‌ಗೆ ಮೀಟರ್ ಕೂಡಿಸಲಿ, ನೆರವಿನ ಹಣವನ್ನು ನೇರ ಖಾತೆಗೆ ಹಾಕಲಿ, ಸೌರ ಫೀಡರಿನಿಂದ ಹಗಲಲ್ಲೇ ತ್ರೀ ಫೇಸ್ ಕೊಡಲಿ. ಫೀಡರುಗಳನ್ನು ಸೌರಕ್ಕೆ ಬದಲಿಸಲು ಕೇಂದ್ರದ ಕುಸುಮ್ ಯೋಜನೆಯಲ್ಲಿ ಅವಕಾಶವಿದೆ.