ಹಳೆಯ ಟ್ರ್ಯಾಕ್ಟರ್ ಹಾಗೂ ಕಾರುಗಳಲ್ಲಿ ಹಾನಿಗೊಂಡ ಆಯಿಲ್ ಡ್ರೇನ್ ಪ್ಲಗ್: ಪತ್ತೆ, ದುರಸ್ತಿ ಮತ್ತು ಮುನ್ನೆಚ್ಚರಿಕೆ

ಟ್ರ್ಯಾಕ್ಟರ್, ಜೀಪು, ಕಾರು ಮುಂತಾದ ವಾಹನಗಳ ಎಂಜಿನ್ನಿನ ತಳದಲ್ಲಿ ಕೀಲೆಣ್ಣೆ ಸಂಗ್ರಹವಾಗುವ ಸಂಪ್ ಇರುತ್ತದೆ. ಗ್ಯಾರೇಜುಗಳಲ್ಲಿ ಇದನ್ನು ಆಯಿಲ್ ಚೇಂಬರ್ ಎನ್ನುವುದುಂಟು. ಹಳೆಯ ಎಣ್ಣೆಯನ್ನು ಹೊರಬಿಡಲು ಸಂಪ್‌ನ ಕೆಳಭಾಗದಲ್ಲಿ ಅಳವಡಿಸಿರುವ ಬೋಲ್ಟೇ ಡ್ರೇನ್ ಪ್ಲಗ್. ಮೂರು ಸಿಲಿಂಡರಿನ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ 6ರಿಂದ 8 ಲೀಟರ್, ಸಣ್ಣ ಕಾರುಗಳಲ್ಲಿ 3ರಿಂದ 4 ಲೀಟರ್ ಎಣ್ಣೆಯನ್ನು ಈ ಒಂದು ಬೋಲ್ಟ್ ತಡೆದು ನಿಲ್ಲಿಸಿರುತ್ತದೆ. ಉಳುಮೆಯ ನಡುವೆ ಇದು ಕಳಚಿಬಿದ್ದರೆ ಎಣ್ಣೆ ಕೆಲವೇ ನಿಮಿಷಗಳಲ್ಲಿ ಬರಿದಾಗಿ, ಕ್ರ್ಯಾಂಕ್‌ಶಾಫ್ಟ್‌ನ ಬೇರಿಂಗುಗಳು ಕಾದು ಹಿಡಿದುಕೊಳ್ಳುತ್ತವೆ. ಎಂಜಿನ್ನಿನ ಪೂರ್ಣ ದುರಸ್ತಿಗೆ ತಗಲುವ ವೆಚ್ಚವೊಂದೆಡೆಯಾದರೆ, ಯಂತ್ರ ಗ್ಯಾರೇಜಿನಲ್ಲಿರುವಾಗ ಭೂಮಿಯ ಹದ ತಪ್ಪಿ ಬಿತ್ತನೆ ಹಿಂದುಳಿಯುವ ನಷ್ಟ ಮತ್ತೊಂದೆಡೆ. ಆದುದರಿಂದ ಪ್ಲಗ್‌ನಲ್ಲಿ ದೋಷ ಕಂಡುಬಂದ ಕೂಡಲೇ, ಹಂಗಾಮು ಆರಂಭವಾಗುವ ಮುನ್ನವೇ ಅದನ್ನು ಸರಿಪಡಿಸಿಕೊಳ್ಳಬೇಕು.

ಹಾನಿಗೆ ಕಾರಣಗಳು

ಹೆಚ್ಚಿನ ಪ್ರಕರಣಗಳಲ್ಲಿ ಹಾನಿಗೆ ಅತಿಯಾದ ಬಿಗಿತವೇ ಕಾರಣ. ಪ್ಲಗ್‌ನ ಬುಡದಲ್ಲಿ ಒಂದೆರಡು ಹನಿ ಕಂಡರೆ ಸ್ಪ್ಯಾನರ್ ಹಿಡಿದು ಇನ್ನಷ್ಟು ಬಿಗಿ ಮಾಡುವುದು ರೂಢಿಯಲ್ಲಿದೆ. ಆದರೆ ಎಣ್ಣೆಯನ್ನು ತಡೆಯುವುದು ಪ್ಲಗ್‌ನ ತಲೆ ಮತ್ತು ಸಂಪ್‌ನ ನಡುವೆ ಇರುವ ವಾಷರ್. ವಾಷರ್ ಸವೆದಿದ್ದಾಗ ಪ್ಲಗ್ಅನ್ನು ಎಷ್ಟು ಬಿಗಿಗೊಳಿಸಿದರೂ ಸೋರಿಕೆ ನಿಲ್ಲದು. ಥ್ರೆಡ್ ಎಂದು ಕರೆಯುವ ತಿರುಪಿನ ಗೆರೆಗಳು ಮಾತ್ರ ಕಿತ್ತುಹೋಗುತ್ತವೆ.

ಒಂದು ಲೆಕ್ಕದಿಂದ ಇದನ್ನು ಅರಿಯಬಹುದು. ಅನೇಕ ಕಾರುಗಳಲ್ಲಿ ಬಳಕೆಯಲ್ಲಿರುವ 14 ಮಿ.ಮೀ. ವ್ಯಾಸದ ಪ್ಲಗ್‌ಗೆ ಸುಮಾರು 3ರಿಂದ 4 ಕಿ.ಗ್ರಾಂ-ಮೀಟರ್ ಬಿಗಿತ ಸಾಕು. 20 ಸೆಂ.ಮೀ. ಉದ್ದದ ಸ್ಪ್ಯಾನರ್‌ನ ತುದಿಯಲ್ಲಿ 15ರಿಂದ 20 ಕಿ.ಗ್ರಾಂ ಬಲ ಹಾಕಿದರೆ ಇಷ್ಟು ಬಿಗಿತ ದೊರೆಯುತ್ತದೆ. ಅದೇ ಸ್ಪ್ಯಾನರ್‌ಗೆ ಪೈಪ್ ತೂರಿಸಿ ಹಿಡಿಯನ್ನು 60 ಸೆಂ.ಮೀ.ಗೆ ಹೆಚ್ಚಿಸಿ, 60 ಕಿ.ಗ್ರಾಂ ತೂಕದ ವ್ಯಕ್ತಿ ತನ್ನ ಪೂರ್ಣ ಭಾರವನ್ನು ಹೇರಿದರೆ ಬಿಗಿತ 36 ಕಿ.ಗ್ರಾಂ-ಮೀಟರ್ ಆಗುತ್ತದೆ. ಇದು ಅಗತ್ಯಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು.

ಪ್ಲಗ್ಅನ್ನು ಓರೆಯಾಗಿ ಕೂರಿಸಿ ತಿರುಗಿಸುವುದು, ಅಳತೆಗೆ ಹೊಂದದ ಸ್ಪ್ಯಾನರ್ ಅಥವಾ ಸ್ಕ್ರೂ ಸ್ಪ್ಯಾನರ್ ಬಳಸಿ ತಲೆಯ ಮೂಲೆಗಳನ್ನು ಸವೆಸುವುದು, ಹೊಲದ ಕಲ್ಲು ಅಥವಾ ಕೂಳೆ ತಗುಲಿ ತಲೆ ಜಜ್ಜಿಹೋಗುವುದು ಇತರ ಕಾರಣಗಳು.

ಸೋರಿಕೆಯ ಮೂಲವನ್ನು ಪತ್ತೆ ಹಚ್ಚುವುದು

ಎಂಜಿನ್ನಿನ ಮೇಲ್ಭಾಗದಿಂದ ಸೋರಿದ ಎಣ್ಣೆಯೂ ಕೆಳಗಿಳಿದು ಪ್ಲಗ್‌ನ ತುದಿಯಿಂದಲೇ ತೊಟ್ಟಿಕ್ಕುತ್ತದೆ. ಆದ್ದರಿಂದ ಹನಿ ಕಂಡ ಮಾತ್ರಕ್ಕೆ ಪ್ಲಗ್ ಹಾಳಾಗಿದೆಯೆಂದು ನಿರ್ಧರಿಸಬಾರದು. ಸಂಪ್ ಮತ್ತು ಪ್ಲಗ್ಅನ್ನು ಸೀಮೆಎಣ್ಣೆಯಿಂದ ತೊಳೆದು ಒಣಬಟ್ಟೆಯಿಂದ ಒರೆಸಿ, ಪ್ಲಗ್‌ನ ಸುತ್ತ ಮುಖಕ್ಕೆ ಹಚ್ಚುವ ಪೌಡರ್ ಅಥವಾ ಸೀಮೆಸುಣ್ಣದ ಪುಡಿಯನ್ನು ಉದುರಿಸಬೇಕು. ಎಂಜಿನ್ಅನ್ನು ಹತ್ತು ನಿಮಿಷ ಚಾಲನೆಯಲ್ಲಿಟ್ಟು ನಿಲ್ಲಿಸಿ ಪರಿಶೀಲಿಸಿದರೆ, ಪುಡಿ ಮೊದಲು ಒದ್ದೆಯಾದ ಜಾಗವೇ ಸೋರಿಕೆಯ ಮೂಲ. ಸಂಪ್‌ನ ಮೇಲಂಚಿನಿಂದ ಗೆರೆ ಇಳಿದಿದ್ದರೆ ದೋಷವಿರುವುದು ಗ್ಯಾಸ್ಕೆಟ್‌ನಲ್ಲಿ ಅಥವಾ ಆಯಿಲ್ ಸೀಲ್‌ನಲ್ಲಿ.

ತಲೆ ಸವೆದ ಪ್ಲಗ್ಅನ್ನು ಬಿಚ್ಚುವ ಕ್ರಮ

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡೆ ಕೊಡಬೇಕು. ಕೇವಲ ಜಾಕ್‌ನ ಆಧಾರದಲ್ಲಿ ನಿಂತಿರುವ ಕಾರಿನ ಅಡಿಗೆ ಯಾವ ಕಾರಣಕ್ಕೂ ಹೋಗಬಾರದು. ಟ್ರ್ಯಾಕ್ಟರಿನಲ್ಲಿ ಗೇರ್‌ಬಾಕ್ಸ್‌ಗೆ ಪ್ರತ್ಯೇಕ ಪ್ಲಗ್ ಇರುವುದರಿಂದ, ಕೈಪಿಡಿ ನೋಡಿ ಎಂಜಿನ್ನಿನ ಪ್ಲಗ್ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಎಣ್ಣೆ ಸುರಿಯುವ ಮುಚ್ಚಳ ತೆರೆಯುತ್ತದೆಯೇ ಎಂಬುದನ್ನೂ ಮೊದಲೇ ನೋಡಬೇಕು.

ತಂತಿ ಬ್ರಷ್‌ನಿಂದ ಕೊಳೆ ತೆಗೆದು, ತುಕ್ಕು ಬಿಡಿಸುವ ಎಣ್ಣೆಯನ್ನು ಹಚ್ಚಿ ರಾತ್ರಿಯಿಡೀ ಬಿಡಬೇಕು. ಅನಂತರ ತಲೆಗೆ ಸರಿಹೊಂದುವ ಆರು ಮೂಲೆಯ ಸಾಕೆಟ್ಅನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಕೂರಿಸಿ, ಎಡಕ್ಕೆ ತಿರುಗಿಸಬೇಕು. ಕೆಳಗೆ ಮಲಗಿ ಪ್ಲಗ್‌ನ ತಲೆಯನ್ನೇ ನೋಡುತ್ತ ದಿಕ್ಕನ್ನು ನಿರ್ಧರಿಸಬೇಕು. ಮೇಲಿನಿಂದ ಊಹಿಸಿದರೆ ದಿಕ್ಕು ತಪ್ಪಿ ಪ್ಲಗ್ ಇನ್ನಷ್ಟು ಬಿಗಿಯಾಗುತ್ತದೆ. ಮೂಲೆಗಳು ಪೂರ್ಣವಾಗಿ ಉರುಟಾಗಿದ್ದರೆ ತಲೆಯ ಎರಡು ಬದಿಗಳನ್ನು ಅರದಿಂದ ಚಪ್ಪಟೆಯಾಗಿ ಉಜ್ಜಿ ಪೈಪ್ ರೆಂಚ್‌ನಿಂದ ಹಿಡಿಯಬಹುದು. ಎಣ್ಣೆ ತುಂಬಿದ ಸಂಪ್‌ಗೆ ಬೆಂಕಿ ಅಥವಾ ವೆಲ್ಡಿಂಗ್ ತಾಗಿಸುವುದು ಅಪಾಯಕರ. ಪ್ಲಗ್ ಬಾರದೇ ಇದ್ದಲ್ಲಿ ಡಿಪ್‌ಸ್ಟಿಕ್‌ನ ರಂಧ್ರದ ಮೂಲಕ ಕೈಪಂಪಿನಿಂದ ಎಣ್ಣೆಯನ್ನು ಹೀರಿ ತೆಗೆದು, ಮುಂದಿನ ಕೆಲಸವನ್ನು ಮೆಕ್ಯಾನಿಕ್‌ಗೆ ವಹಿಸುವುದು ಸೂಕ್ತ.

ಹಾಳಾಗಿರುವುದು ಪ್ಲಗ್ಗೋ, ಸಂಪ್ಪೋ?

ಬಿಚ್ಚಿದ ಪ್ಲಗ್ಅನ್ನು ಒರೆಸಿ ನೋಡಬೇಕು. ಗೆರೆಗಳ ನಡುವೆ ಸುರುಳಿಯಾಕಾರದ ಲೋಹದ ಎಳೆ ಸಿಕ್ಕಿಕೊಂಡಿದ್ದರೆ ಅದು ಸಂಪ್‌ನಿಂದ ಕಿತ್ತುಬಂದ ಥ್ರೆಡ್. ಅದೇ ಅಳತೆಯ ಹೊಸ ಪ್ಲಗ್ಅನ್ನು ಬರಿಗೈಯಿಂದ ತಿರುಗಿಸಿದಾಗ ಕೊನೆಯವರೆಗೆ ಸರಾಗವಾಗಿ ಹೋಗಿ, ಅಲುಗಾಡದೆ ನಿಂತರೆ ಸಂಪ್ ಸುಸ್ಥಿತಿಯಲ್ಲಿದೆ. ಪ್ಲಗ್ ಮತ್ತು ವಾಷರ್ ಬದಲಿಸಿದರೆ ಸಾಕು. ಅರ್ಧದಲ್ಲೇ ಸಿಕ್ಕಿಕೊಂಡರೆ ಅದೇ ಅಳತೆಯ ಟ್ಯಾಪ್‌ನಿಂದ ಗೆರೆಗಳನ್ನು ಶುಚಿಗೊಳಿಸಬಹುದು. ಪ್ಲಗ್ ಅಲುಗಾಡಿದರೆ ಅಥವಾ ಬಿಗಿಯಾಗದೆ ಸುತ್ತುತ್ತಲೇ ಇದ್ದರೆ ಸಂಪ್‌ನ ಥ್ರೆಡ್ ಹೋಗಿದೆಯೆಂದು ತಿಳಿಯಬೇಕು.

ಸಂಪ್‌ನ ಲೋಹಕ್ಕೆ ತಕ್ಕ ದುರಸ್ತಿ

ಎರಕದ ಕಬ್ಬಿಣದ ಸಂಪ್: ಅನೇಕ ಟ್ರ್ಯಾಕ್ಟರುಗಳಲ್ಲಿ ಸಂಪ್ ಎರಕದ ಕಬ್ಬಿಣದ್ದಾಗಿದ್ದು, ವಾಹನದ ಚೌಕಟ್ಟಿನಂತೆ ಭಾರವನ್ನೂ ಹೊರುತ್ತದೆ. ಅದನ್ನು ಬಿಚ್ಚಬೇಕಾದರೆ ಟ್ರ್ಯಾಕ್ಟರಿಗೆ ಆಧಾರ ಕೊಟ್ಟು ಮುಂಭಾಗವನ್ನೇ ಬೇರ್ಪಡಿಸಬೇಕಾಗಬಹುದು. ಆದ್ದರಿಂದ ಇದ್ದ ಸ್ಥಳದಲ್ಲಿಯೇ ದುರಸ್ತಿ ಮಾಡುವುದು ಲಾಭಕರ. ರಂಧ್ರದ ಸುತ್ತ ಸಾಕಷ್ಟು ದಪ್ಪ ಲೋಹವಿದ್ದರೆ ಮುಂದಿನ ಅಳತೆಗೆ ಹೊಸ ಥ್ರೆಡ್ ಕತ್ತರಿಸಿ, ಅದಕ್ಕೆ ಹೊಂದುವ ಪ್ಲಗ್ಅನ್ನು ಲೇತ್‌ನಲ್ಲಿ ಮಾಡಿಸಿಕೊಳ್ಳಬಹುದು.

ಅಲ್ಯೂಮಿನಿಯಂ ಸಂಪ್: ಉಕ್ಕಿನ ಪ್ಲಗ್‌ಗಿಂತ ಈ ಲೋಹ ಮೃದುವಾದುದರಿಂದ ಇಲ್ಲಿ ಥ್ರೆಡ್ ಕಿತ್ತುಬರುವುದು ಹೆಚ್ಚು. ರಂಧ್ರವನ್ನು ಹಿಗ್ಗಿಸಿ ಉಕ್ಕಿನ ಬುಷ್ ಅಥವಾ ಹೆಲಿಕಾಯಿಲ್ ಎಂಬ ತಂತಿ ಸುರುಳಿಯನ್ನು ಕೂರಿಸುವುದು ಉತ್ತಮ ಪರಿಹಾರ. ಇದರಿಂದ ಮೂಲ ಅಳತೆಯ ಪ್ಲಗ್ಅನ್ನೇ ಮುಂದೆಯೂ ಬಳಸಬಹುದು. ತಾನೇ ಥ್ರೆಡ್ ಕತ್ತರಿಸಿಕೊಂಡು ಹೋಗುವ ದಪ್ಪ ಪ್ಲಗ್‌ಗಳು ಅಂಗಡಿಗಳಲ್ಲಿ ದೊರೆಯುತ್ತವೆಯಾದರೂ ಅವು ಅಲ್ಯೂಮಿನಿಯಂ ಸಂಪ್ಅನ್ನು ಸೀಳುವ ಸಾಧ್ಯತೆಯಿರುವುದರಿಂದ ತಾತ್ಕಾಲಿಕವಾಗಿ ಮಾತ್ರ ಬಳಸಬೇಕು.

ಉಕ್ಕಿನ ತಗಡಿನ ಸಂಪ್: ಹಳೆಯ ಕಾರು ಮತ್ತು ಜೀಪುಗಳಲ್ಲಿ ಇದು ಸಾಮಾನ್ಯ. ಇಲ್ಲಿ ಥ್ರೆಡ್ ಇರುವುದು ತಗಡಿಗೆ ಬೆಸೆದ ದಪ್ಪ ನಟ್‌ನಲ್ಲಿ. ಸಂಪ್ಅನ್ನು ಕಳಚಿ, ಎಣ್ಣೆಯ ಲೇಶವೂ ಉಳಿಯದಂತೆ ತೊಳೆದು ಹೊಸ ನಟ್ ಬೆಸೆಯಿಸಬಹುದು, ಇಲ್ಲವೇ ಸಂಪ್ಅನ್ನೇ ಬದಲಿಸಬಹುದು.

ಇದ್ದ ಸ್ಥಳದಲ್ಲಿಯೇ ಥ್ರೆಡ್ ಕತ್ತರಿಸುವಾಗ ಲೋಹದ ಚೂರುಗಳು ಸಂಪ್‌ನೊಳಗೆ ಬೀಳದಂತೆ ಟ್ಯಾಪ್‌ನ ಸಾಲುಗಳಿಗೆ ಗ್ರೀಸ್ ತುಂಬಬೇಕು. ಆಗಾಗ ಹೊರತೆಗೆದು ಒರೆಸಬೇಕು. ಕೆಲಸ ಮುಗಿದ ಬಳಿಕ ಪ್ಲಗ್ ಹಾಕುವ ಮುನ್ನ ಮೇಲಿನಿಂದ ಸುಮಾರು ಅರ್ಧ ಲೀಟರ್ ಶುದ್ಧ ಎಣ್ಣೆ ಸುರಿದು, ಉಳಿದ ಚೂರುಗಳು ಕೊಚ್ಚಿ ಹೊರಬರುವಂತೆ ಮಾಡಬೇಕು.

ಮಾಡಬಾರದ ಕೆಲಸಗಳು

ಸೋರುವ ಪ್ಲಗ್‌ಗೆ ನಲ್ಲಿಗೆ ಸುತ್ತುವ ಬಿಳಿ ಟೇಪ್, ಸೆಣಬಿನ ನಾರು ಅಥವಾ ಬಟ್ಟೆಯ ಎಳೆಯನ್ನು ಸುತ್ತಬಾರದು. ಇವುಗಳ ತುಣುಕುಗಳು ಒಳಸೇರಿ ಆಯಿಲ್ ಪಂಪ್‌ನ ಜಾಲರಿಯನ್ನು ಕಟ್ಟಿಕೊಂಡರೆ, ಸಂಪ್ ತುಂಬ ಎಣ್ಣೆಯಿದ್ದರೂ ಬೇರಿಂಗುಗಳಿಗೆ ತಲುಪುವುದಿಲ್ಲ. ಎಪಾಕ್ಸಿ ಮೇಣ ಮೆತ್ತಿದ ಅಥವಾ ಬೆಸೆದು ಮುಚ್ಚಿದ ಪ್ಲಗ್ಅನ್ನು ಮುಂದಿನ ಬಾರಿ ಎಣ್ಣೆ ಬದಲಿಸುವಾಗ ತೆರೆಯಲಾಗದು. ಥ್ರೆಡ್ ಹೋಗಿರುವುದು ಖಚಿತವಾದ ಮೇಲೆ, ಇಂದಿನ ಕೆಲಸ ಮುಗಿಯಲಿ ಎಂದು ಟ್ರ್ಯಾಕ್ಟರ್ಅನ್ನು ಹೊಲಕ್ಕೆ ಇಳಿಸಲೇಬಾರದು.

ಮರುಜೋಡಣೆ

ಪ್ರತಿ ಬಾರಿ ಎಣ್ಣೆ ಬದಲಿಸುವಾಗ ಹೊಸ ವಾಷರ್ ಹಾಕಬೇಕು. ತಾಮ್ರದ ವಾಷರ್ ಮಾತ್ರವೇ ಲಭ್ಯವಿದ್ದು ಹೊಸದು ಸಿಗದಿದ್ದರೆ, ಹಳೆಯದನ್ನು ಕೆಂಪಗೆ ಕಾಯಿಸಿ ತಣಿಸಿದಲ್ಲಿ ಅದು ಮೃದುವಾಗಿ ಮತ್ತೊಮ್ಮೆ ಬಳಕೆಗೆ ಬರುತ್ತದೆ. ಪ್ಲಗ್ ಮೂಲ ಪ್ಲಗ್‌ನಷ್ಟೇ ಉದ್ದವಿರಬೇಕು. ಮೊದಲ ಕೆಲವು ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ, ಕೈಪಿಡಿಯಲ್ಲಿ ಸೂಚಿಸಿರುವಷ್ಟು ಮಾತ್ರ ಬಿಗಿಗೊಳಿಸಬೇಕು. ಎಣ್ಣೆ ತುಂಬಿ ಎಂಜಿನ್ ಚಾಲನೆ ಮಾಡಿ, ಆಯಿಲ್ ಪ್ರೆಶರ್ ಮೀಟರ್ ಅಥವಾ ದೀಪವನ್ನು ಗಮನಿಸಬೇಕು. ಮರುದಿನ ಬೆಳಿಗ್ಗೆ ಅಡಿಯಲ್ಲಿಟ್ಟ ರಟ್ಟು ಒಣಗಿದ್ದರೆ ದುರಸ್ತಿ ಸರಿಯಾಗಿದೆ.

ಹಳೆಯ ಎಣ್ಣೆ ಮತ್ತು ಮಣ್ಣಿನ ಆರೋಗ್ಯ

ಬಳಸಿದ ಎಂಜಿನ್ ಎಣ್ಣೆಯಲ್ಲಿ ಭಾರಲೋಹಗಳು ಹಾಗೂ ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್‌ಗಳು ಇರುತ್ತವೆ. ಎಣ್ಣೆ ಬಿದ್ದ ಮಣ್ಣು ನೀರನ್ನು ಹೀರದೆ, ಗಾಳಿಯಾಡದೆ ಬೀಜದ ಮೊಳಕೆ ಕುಂಠಿತವಾಗುತ್ತದೆ. ಎಣ್ಣೆಯನ್ನು ವಿಘಟಿಸುವ ಸೂಕ್ಷ್ಮಾಣುಜೀವಿಗಳು ಮಣ್ಣಿನ ಸಾರಜನಕವನ್ನು ಬಳಸಿಕೊಳ್ಳುವುದರಿಂದ ಅಲ್ಲಿನ ಬೆಳೆ ಹಳದಿಯಾಗುತ್ತದೆ. ಆದುದರಿಂದ ಬದುವಿನಲ್ಲಿ ಎಣ್ಣೆ ಸುರಿಯುವುದು, ಗೆದ್ದಲಿಗೆಂದು ಗಿಡಗಳ ಬುಡಕ್ಕೆ ಹಾಕುವುದು, ಕಾಲುವೆಗೆ ಬಿಡುವುದು ಸಲ್ಲದು. ಚೆಲ್ಲಿದ ಎಣ್ಣೆಗೆ ಮರದ ಹೊಟ್ಟು ಹರಡಿ ಹೀರಿಸಿ, ಆ ಹೊಟ್ಟು ಮತ್ತು ಮೇಲ್ಮಣ್ಣನ್ನು ಪ್ರತ್ಯೇಕವಾಗಿ ತೆಗೆದಿಡಬೇಕು; ಅದನ್ನು ತಿಪ್ಪೆಗೆ ಸೇರಿಸಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿರ್ವಹಣಾ ನಿಯಮಗಳ ವ್ಯಾಪ್ತಿಗೆ ಬಳಸಿದ ಎಣ್ಣೆಯೂ ಬರುತ್ತದೆ. ಮುಚ್ಚಳವಿರುವ ಡಬ್ಬದಲ್ಲಿ ಶೇಖರಿಸಿ, ಅಧಿಕೃತ ಮರುಸಂಸ್ಕರಣೆಗೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ನೀಡಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಮುಂಗಾರು ಪೂರ್ವ ತರಬೇತಿಗಳಲ್ಲಿ ಬೀಜೋಪಚಾರದ ಪ್ರಾತ್ಯಕ್ಷಿಕೆಯೊಂದಿಗೆ ಟ್ರ್ಯಾಕ್ಟರ್ ತಪಾಸಣೆಗೂ ಅರ್ಧ ಗಂಟೆ ಮೀಸಲಿಡುವುದು ಉಪಯುಕ್ತ. ಸರಿಯಾದ ಸಾಕೆಟ್, ಹೊಸ ವಾಷರ್, ಮಿತವಾದ ಬಿಗಿತ ಎಂಬ ಮೂರು ಅಂಶಗಳನ್ನು ರೈತರ ಕೈಯಿಂದಲೇ ಮಾಡಿಸಿ ತೋರಿಸಬೇಕು. ಕೃಷಿ ಯಂತ್ರಧಾರೆ ಕೇಂದ್ರಗಳಂತೆ ಹಲವು ಚಾಲಕರು ಒಂದೇ ಯಂತ್ರ ಬಳಸುವಲ್ಲಿ, ಎಣ್ಣೆ ಬದಲಿಸಿದ ದಿನಾಂಕ, ಎಂಜಿನ್ ಓಡಿದ ಗಂಟೆ ಮತ್ತು ವಾಷರ್ ಬದಲಿಸಿದ ವಿವರವನ್ನು ವಹಿಯಲ್ಲಿ ದಾಖಲಿಸಿದರೆ, ಒಬ್ಬರು ಬಿಗಿ ಮಾಡಿದ ಪ್ಲಗ್ಅನ್ನು ಮತ್ತೊಬ್ಬರು ಮತ್ತಷ್ಟು ಬಿಗಿ ಮಾಡುವುದು ತಪ್ಪುತ್ತದೆ.