ಹಣೆ, ಹಿಮ್ಮಡಿ, ಸ್ಕ್ಯಾನ್

ಬಾಯಿ ಸೊಟ್ಟಗಾಗಿದೆ, ಮಾತು ತೊದಲುತ್ತಿದೆ, ಒಂದು ಕೈ ಸೋತಿದೆ. ‘ಲಕ್ವ ಹೊಡೆದಿದೆ’ ಎಂದು ಮನೆಯವರು ಎಮರ್ಜೆನ್ಸಿಗೆ ಓಡಿ ಬರುತ್ತಾರೆ. ಬಹುಪಾಲು ಸಲ ಅವರ ಊಹೆ ಸರಿಯೇ. ಆದರೆ ಹೀಗೆ ಬಂದವರಲ್ಲಿ ಕೆಲವರ ಮಿದುಳಿನ ರಕ್ತನಾಳ ಕಟ್ಟಿಕೊಂಡೇ ಇರುವುದಿಲ್ಲ. ಇವರನ್ನು ಬೇರೆ ಮಾಡಿ ಗುರುತಿಸುವುದು ನರರೋಗ ತಜ್ಞರ ಕಸುಬಿನಲ್ಲೇ ಸೊಗಸಾದ ಕೆಲಸ, ಅದೂ ಗಡಿಯಾರ ನೋಡುತ್ತಾ.

ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಲೆಕ್ಕವಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಅದಕ್ಕೇ ಮೊದಲ ಪ್ರಶ್ನೆ, ‘ಇವರು ಚೆನ್ನಾಗಿದ್ದದ್ದನ್ನ ಕೊನೆಗೆ ನೋಡಿದ್ದು ಯಾವಾಗ?’ ಜೊತೆಗೇ ಬೆರಳಿಗೆ ಸೂಜಿ. ಸಕ್ಕರೆ ತೀರಾ ಇಳಿದರೂ ಕೈಕಾಲು ಬೀಳುತ್ತವೆ. ಗ್ಲೂಕೋಸ್ ಏರಿಸಿದೊಡನೆ ಎದ್ದು ಕೂತವರುಂಟು.

ಆಮೇಲೆ ಹುಬ್ಬೇರಿಸಲು ಹೇಳುತ್ತಾರೆ. ಜೋತುಬಿದ್ದ ಬದಿಯಲ್ಲೂ ಹಣೆ ನೆರಿಗೆಗಟ್ಟಿದರೆ ಮಿದುಳಿನ ಮೇಲೇ ಅನುಮಾನ, ಏಕೆಂದರೆ ಹಣೆಗೆ ಮಿದುಳಿನ ಎರಡೂ ಬದಿಯಿಂದ ನರಗಳ ಸಂಪರ್ಕವಿದೆ. ಹಣೆಯೂ ಕದಲದೆ ಕಣ್ಣೂ ಮುಚ್ಚದಿದ್ದರೆ ಅದು ಮುಖದ ನರದ ತೊಂದರೆ, ಬೆಲ್ಸ್ ಪಾಲ್ಸಿ ಇರಬಹುದು. ಮೈಗ್ರೇನಿನ ಜೋಮು ಬೆರಳಿಂದ ತುಟಿಯವರೆಗೆ ನಿಧಾನಕ್ಕೆ ತೆವಳುತ್ತದೆ. ಲಕ್ವ ಸಾಮಾನ್ಯವಾಗಿ ಒಮ್ಮೆಲೇ ಬಡಿಯುತ್ತದೆ. ಫಿಟ್ಸ್ ನಿಂತ ಮೇಲೂ ಕೈ ಕೆಲಕಾಲ ಸೋತಿರುವುದುಂಟು.

ನನಗೆ ತುಂಬಾ ಇಷ್ಟವಾದದ್ದು ಅಮೆರಿಕದ ವೈದ್ಯ ಚಾರ್ಲ್ಸ್ ಹೂವರ್ 1908ರಲ್ಲಿ ವಿವರಿಸಿದ ಪರೀಕ್ಷೆ. ಮಲಗಿದವರ ಸೋತ ಕಾಲಿನ ಹಿಮ್ಮಡಿಯಡಿ ವೈದ್ಯರು ಅಂಗೈ ಇಡುತ್ತಾರೆ. ‘ಕೆಳಗೆ ಒತ್ತಿ’ ಎಂದರೆ ಬಲವೇ ಇಲ್ಲ. ‘ಈಗ ಇನ್ನೊಂದು ಕಾಲನ್ನ ಮೇಲೆತ್ತಿ’ ಎಂದೊಡನೆ, ಸೋತಿದ್ದ ಹಿಮ್ಮಡಿ ತಾನಾಗಿ ಅಂಗೈಯನ್ನು ಅದುಮುತ್ತದೆ! ನರದ ದಾರಿ ಕೆಟ್ಟಿಲ್ಲ ಎಂಬುದಕ್ಕೆ ಅದು ಸಾಕ್ಷಿ. ರೋಗಿ ನಾಟಕ ಆಡುತ್ತಿದ್ದಾರೆಂದು ಮಾತ್ರ ಯಾರೂ ಭಾವಿಸಬಾರದು. ನರದ ದಾರಿ ಸರಿಯಿದ್ದೂ ಕಾಲು ಸೋಲುವುದು ಕೂಡ ಚಿಕಿತ್ಸೆ ಬೇಕಾದ ಕಾಯಿಲೆಯೇ.

ಸ್ಕ್ಯಾನ್ ಇರುವಾಗ ಇದೆಲ್ಲ ಏಕೆ ಎನ್ನಬಹುದು. ಸಿಟಿ ಸ್ಕ್ಯಾನ್ ರಕ್ತಸ್ರಾವವನ್ನು ಬೆಳ್ಳಗೆ ತೋರಿಸುತ್ತದೆ, ಆದರೆ ರಕ್ತ ತಲುಪದ ಭಾಗ ಮೊದಲ ಗಂಟೆಗಳಲ್ಲಿ ಅದರಲ್ಲಿ ಮಾಮೂಲಿಯಾಗಿಯೇ ಕಾಣಬಹುದು. ಎಂಆರ್‌ಐನ ಡಿಫ್ಯೂಷನ್ ಚಿತ್ರ ಬಹಳ ಚುರುಕು. ಅದೂ ಮಿದುಳಿನ ಹಿಂಭಾಗದ ಸಣ್ಣ ಲಕ್ವವನ್ನು ಮೊದಲ ದಿನ ತಪ್ಪಿಸಿಬಿಡಬಹುದು. ಹಾಗಾಗಿ ಗಡುವು ಮೀರುವ ಮುನ್ನ, ಬಲವಾದ ಅನುಮಾನವಿದ್ದರೆ, ರಕ್ತಸ್ರಾವ ಇಲ್ಲವೆಂದು ನೋಡಿಕೊಂಡು ಇಂಜೆಕ್ಷನ್ ಕೊಡುವತ್ತಲೇ ವಾಲುತ್ತಾರೆ. ಲಕ್ವವಲ್ಲದವರಿಗೆ ಕೊಟ್ಟರೂ ಮಿದುಳಿನಲ್ಲಿ ರಕ್ತ ಸೋರುವುದು ಅಪರೂಪ.

ಚಿತ್ರದಲ್ಲಿ ಕಲೆಯಿಲ್ಲ, ಕೈಯೂ ಸರಿಹೋಯಿತು ಎಂದು ಮನೆಗೆ ಹೊರಟವರನ್ನೂ ತಜ್ಞರು ತಡೆಯುತ್ತಾರೆ. ಅದು ಟಿಐಎ, ಅಂದರೆ ಮಿದುಳಿಗೆ ರಕ್ತ ಕೆಲಹೊತ್ತು ಮಾತ್ರ ತಡೆದು ಸರಿಹೋದದ್ದು, ಆಗಿದ್ದರೆ ನಿಜವಾದ ಲಕ್ವದ ಅಪಾಯ ಮೊದಲೆರಡು ದಿನಗಳಲ್ಲೇ ಹೆಚ್ಚು. ಕತ್ತಿನ ರಕ್ತನಾಳದ ಸ್ಕ್ಯಾನ್, ಇಸಿಜಿ ಮುಗಿಯುವವರೆಗೆ ಡಿಸ್ಚಾರ್ಜ್ ಮಾತಿಲ್ಲ.