ಹತ್ತಿಯ ಧೂಳು, ಬಿಚ್ಚಿಕೊಳ್ಳುವ ಪ್ರೋಟೀನು

ಕೊಲ್ಹಾಪುರದಿಂದ ಸುಮಾರು 30 ಕಿ.ಮೀ. ದೂರದ ಇಚಲಕರಂಜಿಯ ಗಲ್ಲಿಗಳಲ್ಲಿ ಮಾತಾಡಬೇಕೆಂದರೆ ದನಿ ಎತ್ತರಿಸಬೇಕು. ಹಗಲು ಪಾಳಿ, ರಾತ್ರಿ ಪಾಳಿ ಎಂದು ಮಗ್ಗಗಳು ಖಟಖಟ ಎನ್ನುತ್ತಲೇ ಇರುತ್ತವೆ. ಜಹಗೀರುದಾರ ನಾರಾಯಣರಾವ್ ಬಾಬಾಸಾಹೇಬ್ ಘೋರ್ಪಡೆಯವರ ಬೆಂಬಲದಿಂದ ವಿಠ್ಠಲರಾವ್ ದಾತಾರ್ ಇಲ್ಲಿ ಮೊದಲ ಪವರ್‌ಲೂಮ್ ಹೂಡಿದ್ದು 1904ರಲ್ಲಿ. ಧೋತರ, ಪಾಪ್ಲಿನ್, ಕೇಂಬ್ರಿಕ್ ನೇಯುತ್ತ ಬೆಳೆದ ಊರಿಗೆ ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಎಂಬ ಹೆಸರೂ ಬಂತು. ಗಡಹಿಂಗ್ಲಜ, ನಿಪ್ಪಾಣಿ, ಚಿಕ್ಕೋಡಿ ಕಡೆಯಿಂದ ಬಂದು ಇಲ್ಲಿ ಮಗ್ಗದ ಮುಂದೆ ನಿಂತವರಲ್ಲಿ ಕನ್ನಡಿಗರೂ ಇದ್ದಾರೆ.

ಬಟ್ಟೆಯ ಜೊತೆಗೆ ಹತ್ತಿಯ ಕೆಲಸ ಹುಟ್ಟಿಸುವ ಇನ್ನೊಂದು ವಸ್ತು ಧೂಳು. ಹತ್ತಿ ಬಿಡಿಸುವ, ಹಿಂಜುವ ವಿಭಾಗದಲ್ಲಿ ಅದು ಅತಿ ಹೆಚ್ಚು. ನೇಯ್ಗೆಯಲ್ಲಿ ಕಡಿಮೆ, ಆದರೆ ಇಲ್ಲವೆನ್ನುವಂತಿಲ್ಲ. ಈ ಧೂಳಿನಿಂದ ಬರುವ ಶ್ವಾಸಕೋಶದ ರೋಗಕ್ಕೆ ವೈದ್ಯರು ಬಿಸಿನೋಸಿಸ್ ಎನ್ನುತ್ತಾರೆ. ಅದರ ಗುರುತು ವಿಚಿತ್ರ. ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ, ಪಾಳಿ ಶುರುವಾಗಿ ಕೆಲವು ಗಂಟೆಗಳಲ್ಲಿ ಎದೆ ಬಿಗಿಯುತ್ತದೆ, ಕೆಮ್ಮು ಬರುತ್ತದೆ, ದಮ್ಮು ಹತ್ತುತ್ತದೆ. ಮರುದಿನ ಅಷ್ಟಿರುವುದಿಲ್ಲ. ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿಗಳಲ್ಲಿ ಇದು ಸೋಮವಾರದ ಕಾಯಿಲೆಯೆಂದೇ ಹೆಸರಾಗಿತ್ತು. ಅಲ್ಲಿ 1950ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿದ ರಿಚರ್ಡ್ ಶಿಲ್ಲಿಂಗ್, ಎದೆಬಿಗಿತ ಮೊದಲ ದಿನಕ್ಕೇ ನಿಲ್ಲುತ್ತದೆಯೇ, ವಾರವಿಡೀ ಇರುತ್ತದೆಯೇ ಎಂಬುದರ ಮೇಲೆ ರೋಗದ ಹಂತಗಳನ್ನು ಗುರುತಿಸಿದರು.

ಕೆಡುಕು ಯಾವುದರಲ್ಲಿ?

ಹತ್ತಿಯ ಎಳೆಯೇ ಅಪರಾಧಿಯಲ್ಲ. ಹತ್ತಿ ಗಿಡದ ಮೇಲೆ ಬದುಕುವ ಕೆಲವು ಬ್ಯಾಕ್ಟೀರಿಯಾಗಳ ಹೊರಕವಚದಲ್ಲಿ ಎಂಡೋಟಾಕ್ಸಿನ್ ಎಂಬ ವಸ್ತುವಿದೆ. ಎಲೆಯ ಚೂರು, ತೊಗಟೆಯ ಪುಡಿಯ ಜೊತೆ ಅದೂ ಗಿರಣಿಗೆ ಬರುತ್ತದೆ. 1987ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಸ್ವಯಂಸೇವಕರನ್ನು ಹತ್ತಿ ಧೂಳಿನ ಕೋಣೆಯಲ್ಲಿ ಕೂರಿಸಿ ಉಸಿರಿನ ಬಲ ಅಳೆದರು. ಉಸಿರು ಕುಗ್ಗಿದ್ದು ಧೂಳಿನ ತೂಕಕ್ಕೆ ತಕ್ಕಂತೆ ಅಲ್ಲ, ಅದರಲ್ಲಿದ್ದ ಎಂಡೋಟಾಕ್ಸಿನ್ ಪ್ರಮಾಣಕ್ಕೆ ತಕ್ಕಂತೆ.

ಮುಂದಿನ ಕಥೆ ಪ್ರೋಟೀನುಗಳದ್ದು. ಎಂಡೋಟಾಕ್ಸಿನ್ನನ್ನು ಮೊದಲು ಎಲ್‌ಬಿಪಿ ಎಂಬ ಪ್ರೋಟೀನು ಹಿಡಿದು ಸಿಡಿ14ರ ಕೈಗೆ ಕೊಡುತ್ತದೆ; ಅದು ಜೀವಕೋಶದ ಹೊರಮೈಯಲ್ಲಿರುವ ಟಿಎಲ್‌ಆರ್4 ಮತ್ತು ಅದರ ಜೊತೆಗಾರ ಎಂಡಿ-2ಗೆ ದಾಟಿಸುತ್ತದೆ. ಇಂಥ ಎರಡು ಜೋಡಿಗಳು ಒಂದಕ್ಕೊಂದು ಅಂಟಿಕೊಂಡಾಗಲೇ ಒಳಗೆ ಸುದ್ದಿ ಮುಟ್ಟುವುದು. ಟಿಎಲ್‌ಆರ್4ರ ಈ ಕೆಲಸವನ್ನು 1998ರಲ್ಲಿ ತೋರಿಸಿದ ಬ್ರೂಸ್ ಬಾಯ್ಟ್ಲರ್ ಅವರಿಗೆ 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ಕೋಶದೊಳಗೆ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನು ಸುಮ್ಮನಿರುತ್ತದೆ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಪತ್ತೆಹಚ್ಚಿದ ಇದು ಕೋಶಕೇಂದ್ರಕ್ಕೆ ಹೋದರೆ ಉರಿಯೂತದ ವಂಶವಾಹಿಗಳೆಲ್ಲ ಎಚ್ಚರಗೊಳ್ಳುತ್ತವೆ. ಹೋಗದಂತೆ ಹಿಡಿದಿಟ್ಟಿರುವುದು ಎತ್ತಿಗೆ ಮೂಗುದಾರವಿದ್ದಂತೆ ಅದಕ್ಕೆ ಬಿಗಿದುಕೊಂಡಿರುವ ಐ-ಕಪ್ಪಾಬಿ. ಅದು ಗೊತ್ತಾಗಿದ್ದು 1988ರಲ್ಲಿ. ಹೊರಗಿನ ಸುದ್ದಿ ಬಂದಾಗ ಕೋಶ ಐ-ಕಪ್ಪಾಬಿಯ ಎರಡು ಜಾಗಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಆ ಗುರುತು ಬಿದ್ದ ಪ್ರೋಟೀನು ಕೆಲವೇ ನಿಮಿಷಗಳಲ್ಲಿ ಚೂರುಚೂರಾಗುತ್ತದೆ. ಬಿಡುಗಡೆಯಾದ ಎನ್‌ಎಫ್-ಕಪ್ಪಾಬಿ ಡಿಎನ್‌ಎ ಮೇಲೆ ಕೂತು ರಾಸಾಯನಿಕ ಕರೆಗಳನ್ನು ಕಳಿಸುತ್ತದೆ. ಬಿಳಿ ರಕ್ತಕಣಗಳು ಶ್ವಾಸನಾಳಕ್ಕೆ ನುಗ್ಗುತ್ತವೆ. ನಾಳ ಊದಿಕೊಂಡು ಎದೆ ಬಿಗಿಯುತ್ತದೆ.

ಸೊಗಸಿರುವುದು ಮುಂದೆ. ಎನ್‌ಎಫ್-ಕಪ್ಪಾಬಿ ಎಬ್ಬಿಸುವ ವಂಶವಾಹಿಗಳಲ್ಲಿ ಐ-ಕಪ್ಪಾಬಿಯದೂ ಒಂದು. ಹೊಸದಾಗಿ ತಯಾರಾದ ಐ-ಕಪ್ಪಾಬಿ ಕೋಶಕೇಂದ್ರದೊಳಗೇ ಹೋಗಿ ತನ್ನ ಜೊತೆಗಾರನನ್ನು ಡಿಎನ್‌ಎಯಿಂದ ಕಿತ್ತು ಹೊರಗೆ ಕರೆತರುತ್ತದೆ. ಧೂಳು ನಿಂತರೆ ಗಲಾಟೆಯೂ ತಣ್ಣಗಾಗುತ್ತದೆ. ಧೂಳು ದಿನವೂ ಬರುತ್ತಿದ್ದರೆ ಹಿಡಿಯುವುದು, ಬಿಡುವುದು ವರ್ಷಗಟ್ಟಲೆ ನಡೆದು ಶ್ವಾಸನಾಳಕ್ಕೆ ಶಾಶ್ವತ ಹಾನಿಯಾಗುತ್ತದೆ. ಬೀಡಿ, ಸಿಗರೇಟು ಸೇರಿದರೆ ಇನ್ನೂ ಬೇಗ.

ರಜೆಯ ಮರುದಿನವೇ ಏಕೆ ಎಂಬುದಕ್ಕೂ ಇಲ್ಲೊಂದು ವಿವರಣೆಯಿದೆ. ಎಂಡೋಟಾಕ್ಸಿನ್ ಮತ್ತೆ ಮತ್ತೆ ತಗುಲಿದಾಗ ಕೋಶಗಳು ಎ20, ಐರ್ಯಾಕ್-ಎಂ ಮುಂತಾದ ಪ್ರೋಟೀನುಗಳನ್ನು ತಯಾರಿಸಿ ಈ ದಾರಿಯನ್ನು ಮಂದಗೊಳಿಸುತ್ತವೆ. ರಜೆಯಲ್ಲಿ ಆ ಸಹನೆ ಇಳಿಯುತ್ತದೆ. ಮೊದಲ ಪಾಳಿಯಲ್ಲಿ ಧೂಳು ಮತ್ತೆ ಜೋರಾಗಿ ತಟ್ಟುತ್ತದೆ.

ಮದ್ದು ಎಲ್ಲಿದೆ?

ಇನ್‌ಹೇಲರಿನಲ್ಲಿ ಕೊಡುವ ಸ್ಟೀರಾಯ್ಡ್ ಕೆಲಸ ಮಾಡುವುದೂ ಪ್ರೋಟೀನಿನ ಹಿಡಿತದಿಂದಲೇ: ಔಷಧ ಕೂಡಿಕೊಂಡ ಗ್ರಾಹಕ ಪ್ರೋಟೀನು ಎನ್‌ಎಫ್-ಕಪ್ಪಾಬಿಯನ್ನು ಹಿಡಿದು ಅದರ ಕೆಲಸ ಕುಗ್ಗಿಸುತ್ತದೆ. ಹಾಗಾದರೆ ಎನ್‌ಎಫ್-ಕಪ್ಪಾಬಿಯನ್ನೇ ಪೂರ್ತಿ ಅಡಗಿಸಬಾರದೇಕೆ? ಅದರ ಮುಖ್ಯ ಭಾಗವಿಲ್ಲದೆ ಬೆಳೆಸಿದ ಇಲಿಮರಿಗಳು ಯಕೃತ್ತು ಹಾಳಾಗಿ ಹುಟ್ಟುವ ಮೊದಲೇ ಸತ್ತವು. ಸೋಂಕಿನ ವಿರುದ್ಧ ನಮ್ಮನ್ನು ಕಾಯುವುದೂ ಅದೇ. ಪ್ರೋಟೀನು ತನ್ನ ಕೆಲಸ ಮಾಡುತ್ತಿದೆ, ಸರಿಪಡಿಸಬೇಕಾದದ್ದು ಗಾಳಿಯನ್ನು.

ಅದು ಆಗದ ಮಾತಲ್ಲ. ಅಮೆರಿಕ 1978ರಲ್ಲಿ ನೂಲು ತಯಾರಿಕೆಯ ಗಾಳಿಗೆ ಒಂದು ಘನ ಮೀಟರಿಗೆ 200 ಮೈಕ್ರೋಗ್ರಾಂ ಹತ್ತಿ ಧೂಳಿನ ಮಿತಿ ಹಾಕಿತು. ಅಲ್ಲಿ ರೋಗ ಗಣನೀಯವಾಗಿ ಇಳಿಯಿತು. ನಮ್ಮಲ್ಲೂ 1948ರ ಕಾರ್ಖಾನೆ ಕಾಯ್ದೆ ಬಿಸಿನೋಸಿಸ್ಸನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ವಿದ್ಯುತ್ ಬಳಸುವ ಘಟಕದಲ್ಲಿ ಕನಿಷ್ಠ 10 ಕೆಲಸಗಾರರಿದ್ದರೆ ಮಾತ್ರ ಆ ಕಾಯ್ದೆ ಅನ್ವಯವಾಗುತ್ತಿದ್ದುದರಿಂದ ಬೆರಳೆಣಿಕೆಯ ಮಗ್ಗಗಳ ಶೆಡ್ಡು ಸಾಮಾನ್ಯವಾಗಿ ಅದರ ಹೊರಗೇ ಉಳಿಯಿತು.

ಶೆಡ್ಡಿನ ಮಾಲೀಕರು ಧೂಳನ್ನು ಗಾಳಿಯ ಪೈಪಿನಿಂದ ಊದಿ ಎಬ್ಬಿಸುವ ಬದಲು ಎಳೆದುಕೊಳ್ಳುವ ಯಂತ್ರ ಹಾಕಿಸಲಿ. ಕೆಲಸಗಾರರು ಮಾಸ್ಕ್ ಬಿಡದಿರಲಿ. ರಜೆಯ ಮರುದಿನ ಎದೆ ಬಿಗಿಯುತ್ತಿದ್ದರೆ ಡಾಕ್ಟರಿಗೆ ಆ ದಿನದ ಲೆಕ್ಕವನ್ನೂ ಹೇಳಿ, ಪಾಳಿಯ ಮೊದಲು ಮತ್ತು ನಂತರ ಉಸಿರಿನ ಪರೀಕ್ಷೆ ಮಾಡಿಸಿಕೊಳ್ಳಿ. ಮೊದಲ ಹಂತದಲ್ಲೇ ಧೂಳಿನಿಂದ ದೂರವಾದರೆ ಶ್ವಾಸಕೋಶ ಸುಧಾರಿಸಿಕೊಳ್ಳುತ್ತದೆ, ತಡವಾದರೆ ಇಲ್ಲ.